ಗಣಕಯಂತ್ರವೂ ಕನ್ನಡ ಮಾಧ್ಯಮವೂ

ಇದು ಗಣಕಯಂತ್ರದ ಯುಗ. ಅದನ್ನು ಕಲಿಯಬೇಕಾದರೆ ಇಂಗ್ಲಿಷ್ ಮಾಧ್ಯಮವೇ ಆಗಬೇಕೆಂಬ ಮಾತು ರಾಯದುರ್ಗ, ಮಡಕಶಿರಾ ಕಡೆಯ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಜ? ಒಂದು ಉದಾಹರಣೆಯಿಂದ ಪರೀಕ್ಷಿಸಿ ನೋಡೋಣ.

ಕಾಗದ ಬಂದಿದೆಯೇ ಎಂದು ದಿನಕ್ಕೆ ಹತ್ತು ಸಲ ಅಂಚೆ ಕಚೇರಿಗೆ ಅಲೆಯುವುದು ಒಂದು ಬಗೆ. ಬಂದಾಗ ಅಂಚೆಯವನೇ ನಮ್ಮ ಬಾಗಿಲು ತಟ್ಟುವುದು ಇನ್ನೊಂದು ಬಗೆ. ಗಣಕಯಂತ್ರಗಳ ನಡುವೆ ನಡೆಯುವ ಈ ಎರಡನೆಯ ಬಗೆಯ ವ್ಯವಹಾರಕ್ಕೆ ‘ವೆಬ್‌ಹುಕ್’ ಎಂದು ಹೆಸರು. 2007ರಲ್ಲಿ ಜೆಫ್ ಲಿಂಡ್ಸೆ ಎಂಬವರು ಈ ಹೆಸರನ್ನು ಬಳಕೆಗೆ ತಂದರು. ಶಾಲೆಯಲ್ಲಿ ರಜೆಯ ಸೂಚನೆ ಬರೆದೊಡನೆ ಅದು ಪೋಷಕರೆಲ್ಲರ ಮೊಬೈಲಿಗೆ ತಾನಾಗಿಯೇ ಹೋಗುವಂತೆ ಇದರಿಂದ ಏರ್ಪಾಡು ಮಾಡಬಹುದು.

ಬಾಗಿಲು ತಟ್ಟಿದಾಗ ಓಗೊಡುವ ಯಂತ್ರವೇ ಸರ್ವರ್. ಇದನ್ನು ಅಣಿಗೊಳಿಸಲು ಮೌಸ್ ಕೂಡ ಬೇಡ. ಪರದೆಯ ಮೇಲೆ ಆದೇಶಗಳನ್ನು ಟೈಪು ಮಾಡಿದರೆ ಸಾಕು. ‘ವೆಬ್‌ಹುಕ್’ ಎಂಬ ಹೆಸರಿನದೇ ಒಂದು ಉಚಿತ ತಂತ್ರಾಂಶವಿದೆ. ಮೊದಲು ಒಂದು ಕಡತದಲ್ಲಿ ಎರಡು ಸಂಗತಿಗಳನ್ನು ಬರೆಯಬೇಕು: ಬಾಗಿಲಿನ ಹೆಸರೇನು, ಅದನ್ನು ತಟ್ಟಿದಾಗ ಮಾಡಬೇಕಾದ ಕೆಲಸವೇನು. ಬಳಿಕ ಆ ಕಡತವನ್ನು ಹೆಸರಿಸಿ ಒಂದೇ ಸಾಲಿನ ಆದೇಶದಿಂದ ತಂತ್ರಾಂಶವನ್ನು ಚಾಲೂ ಮಾಡಬೇಕು. ಬೇರೇನೂ ಹೇಳದಿದ್ದರೆ ಅದು 9000ನೇ ಸಂಖ್ಯೆಯ ಪೋರ್ಟಿನಲ್ಲಿ ಕಿವಿಗೊಟ್ಟು ಕುಳಿತಿರುತ್ತದೆ. ‘ಕರ್ಲ್’ ಎಂಬ ಆದೇಶದಿಂದ ನಾವೇ ತಟ್ಟಿ ಪರೀಕ್ಷಿಸಬಹುದು. 200 ಎಂಬ ಉತ್ತರ ಬಂದರೆ ಕರೆ ಸರಿಯಾಗಿ ತಲಪಿತೆಂದು ಅರ್ಥ. 404 ಬಂದರೆ ಅಂಥ ಬಾಗಿಲೇ ಅಲ್ಲಿಲ್ಲವೆಂದು ಅರ್ಥ. ಸಿಕ್ಕಸಿಕ್ಕವರ ಕರೆಗೆ ಓಗೊಡದಂತೆ ಗುಟ್ಟಿನ ಪದವೊಂದನ್ನು ಗೊತ್ತುಮಾಡಲು ಮಾತ್ರ ಮರೆಯಬಾರದು.

ಇಷ್ಟಕ್ಕೆ ಬೇಕಾದುದೇನು? ಕೆಲವೇ ಇಂಗ್ಲಿಷ್ ಪದಗಳು, ಕಾರಣ-ಪರಿಣಾಮಗಳ ತಿಳಿವಳಿಕೆ, ಮತ್ತು ಶಿಸ್ತು. ಆ ಕಡತದಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಯಂತ್ರ ಅದನ್ನು ಒಪ್ಪುವುದಿಲ್ಲ. ಈ ಶಿಸ್ತನ್ನು ಕಲಿಸುವುದು ವ್ಯಾಕರಣ ಮತ್ತು ಗಣಿತ. ಅವು ಕನ್ನಡದಲ್ಲಿಯೂ ಇವೆ. ಕಳುಹಿಸುವ ಸಂದೇಶವೂ ಕನ್ನಡದಲ್ಲಿರಬಹುದು. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು.

ಇಂಗ್ಲಿಷ್ ಬೇಡವೆಂದು ನಾವು ಹೇಳುವುದಿಲ್ಲ. ಕೈಪಿಡಿಗಳು ಬಹುಮಟ್ಟಿಗೆ ಆ ಭಾಷೆಯಲ್ಲಿಯೇ ಇವೆ. ಅವುಗಳನ್ನು ಓದುವಷ್ಟು ಇಂಗ್ಲಿಷನ್ನು ಶ್ರದ್ಧೆಯಿಂದ ಕಲಿಯಲೇಬೇಕು. ಆದರೆ ಭಾಷೆಯನ್ನು ಕಲಿಯುವುದು ಬೇರೆ, ಅರ್ಥವಾಗದೆ ಉರುಹೊಡೆಯುವುದು ಬೇರೆ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ಅನಂತಪುರ ಜಿಲ್ಲೆಗೆ ಬಂತು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗಡಿಗಳು ಹೇಗೆ ಬದಲಾದರೂ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡಿ ಬೆಳೆದ ಮಕ್ಕಳು ನಮ್ಮವರು. ಅವರಿಗೆ ಯಂತ್ರದ ನಾಲ್ಕು ಆದೇಶಗಳು ಭಾರವೇ?

ಆದುದರಿಂದ ಪೋಷಕರು ಮಾಧ್ಯಮ ಬದಲಿಸುವ ಮುನ್ನ ಒಂದು ಪ್ರಶ್ನೆ ಕೇಳಲಿ: ಶಾಲೆಯ ಗಣಕಯಂತ್ರದ ಮುಂದೆ ನಮ್ಮ ಮಗು ವಾರಕ್ಕೆ ಎಷ್ಟು ಗಂಟೆ ಕುಳಿತುಕೊಳ್ಳುತ್ತದೆ? ಬಟ್ಟೆ ಹೊದಿಸಿಟ್ಟ ಯಂತ್ರ ಯಾವ ಮಾಧ್ಯಮದವರಿಗೂ ವಿದ್ಯೆ ಕೊಡದು. ವಿದ್ಯಾರ್ಥಿಗಳೂ ಅಂಜದೆ ಟೈಪು ಮಾಡಲಿ, ತಪ್ಪಿದರೆ ತಿದ್ದಲಿ. ಕೈಗೆ ಕೆಲಸ, ಮನಸ್ಸಿಗೆ ಅರ್ಥ, ಎರಡೂ ದೊರೆತರೆ ಕನ್ನಡ ಶಾಲೆಯ ಮಕ್ಕಳು ಯಾರಿಗೂ ಹಿಂದೆ ಬೀಳರು ಎಂಬುದು ನಮ್ಮ ದೃಢವಾದ ನಂಬಿಕೆ.