ರ‍್ಯಾಮ್ ಹಾಕಿದ್ದಕ್ಕೆ ಕಂಪ್ಯೂಟರ್ ಸಾಯುವುದಿಲ್ಲ ಮಾರಾಯರೇ!



ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. "ಹೊಸ ರ‍್ಯಾಮ್ ಹಾಕಿಸಿದೆವು, ಅಂದಿನಿಂದ ಕಂಪ್ಯೂಟರ್ ಸತ್ತೇ ಹೋಯಿತು." ಅಂಗಡಿಯಿಂದ "ಮದರ್‌ಬೋರ್ಡ್ ಹೋಗಿದೆ" ಎಂಬ ತೀರ್ಪು ಬರುತ್ತದೆ, ಯಂತ್ರಕ್ಕೆ ಬಟ್ಟೆ ಹೊದೆಸಿ ಮೂಲೆಗೆ ಇಡುತ್ತೇವೆ. ಇದಕ್ಕೆ ನನ್ನ ತಕರಾರಿದೆ. ಆ ತೀರ್ಪನ್ನು ಪರೀಕ್ಷಿಸಿ ನೋಡಿದವರು ಯಾರು?

ಮೊದಲು ಮಾಡಬೇಕಾದ್ದು ಇಷ್ಟೇ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತು ಹೋಗಲಿ. ರ‍್ಯಾಮ್ ತೆಗೆದು, ಸ್ಲಾಟಿನ ಧೂಳು ಹಾರಿಸಿ, ಕೊಕ್ಕೆ "ಟಕ್" ಎನ್ನುವವರೆಗೆ ಒತ್ತಿ ಕೂರಿಸಿ. ಪರದೆ ಕಪ್ಪಾಗಿ ಬೀಪ್ ಬೀಪ್ ಎನ್ನುವ ಯಂತ್ರಗಳಲ್ಲಿ ಎಷ್ಟೋ ಇಷ್ಟಕ್ಕೇ ಎದ್ದು ಕೂರುತ್ತವೆ.

ಏಳಲಿಲ್ಲವೇ? ಹಾಗಾದರೆ ವಿಜ್ಞಾನದ ಪಾಠ ನೆನಪಿಸಿಕೊಳ್ಳಿ: ಒಂದು ಸಲಕ್ಕೆ ಒಂದನ್ನೇ ಬದಲಿಸು. ಹಳೆಯ ರ‍್ಯಾಮ್ ಒಂದನ್ನೇ ಅದರ ಹಳೆಯ ಜಾಗದಲ್ಲಿ ಹಾಕಿ. ಯಂತ್ರ ನಡೆದರೆ ಮದರ್‌ಬೋರ್ಡ್ ಸತ್ತಿಲ್ಲ ಎಂದು ಅಲ್ಲಿಗೇ ತೀರ್ಮಾನ! ನಂತರ ಅದೇ ಜಾಗಕ್ಕೆ ಹೊಸದನ್ನು ಮಾತ್ರ ಹಾಕಿ. ನಡೆಯದಿದ್ದರೆ ದೋಷ ಹೊಸದರಲ್ಲಿದೆ, ಇಲ್ಲವೇ ಅದು ಆ ಬೋರ್ಡಿಗೆ ಹೊಂದುವುದಿಲ್ಲ. ನಡೆದರೆ ಎರಡನೇ ಸ್ಲಾಟಿನಲ್ಲೂ ನೋಡಿ. ಅಲ್ಲಿ ಮಾತ್ರ ಸೋತರೆ ಸ್ಲಾಟಿನ ಮೇಲೆ ಸಂಶಯ ಪಡಿ. ಎರಡೂ ಬೇರೆ ಬೇರೆಯಾಗಿ ನಡೆದು ಜೊತೆಯಲ್ಲಿ ಮಾತ್ರ ನಡೆಯದಿದ್ದರೆ ಅವೆರಡಕ್ಕೂ ಹೊಂದಾಣಿಕೆಯಿಲ್ಲ.

ಡಿಡಿಆರ್2, ಡಿಡಿಆರ್3, ಡಿಡಿಆರ್4 ಎಂಬ ಮೂರರಲ್ಲೂ ಕೆಳಗಿನ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ಡಿಡಿಆರ್3ಕ್ಕೆ 1.5 ವೋಲ್ಟ್, ಡಿಡಿಆರ್4ಕ್ಕೆ 1.2 ವೋಲ್ಟ್. ತಪ್ಪಿ ಹಾಕದಿರಲಿ ಎಂದೇ ಆ ಕಚ್ಚು ಇರುವುದು, ಆದ್ದರಿಂದ ಬಲ ಪ್ರಯೋಗ ಬೇಡ.

ಇನ್ನೊಂದು ಜಗಳ: "4 ಜಿಬಿ ಹಾಕಿಸಿದರೆ 3 ಚಿಲ್ಲರೆ ತೋರಿಸುತ್ತದೆ, ಅಂಗಡಿಯವ ಮೋಸ ಮಾಡಿದ!" ಅಂಗಡಿಯವನನ್ನು ಬೈಯುವ ಮೊದಲು ಒಳಗಿರುವುದು 32 ಬಿಟ್ ವ್ಯವಸ್ಥೆಯೋ ನೋಡಿ. ಸಾಮಾನ್ಯವಾಗಿ ಅದಕ್ಕೆ 4 ಜಿಬಿಯನ್ನು ಪೂರ್ತಿ ಬಳಸಲು ಆಗುವುದಿಲ್ಲ. ಚಿತ್ರ ತೋರಿಸುವ ಕೆಲಸಕ್ಕೂ ಸ್ವಲ್ಪ ಪಾಲು ಹೋಗುತ್ತದೆ. ತಿಳಿಯದೆ ನಂಬುವುದೂ ತಿಳಿಯದೆ ಬೈಯುವುದೂ ಒಂದೇ ಕಾಯಿಲೆ.

ಯಂತ್ರ ಎದ್ದರೂ ನಡುವೆ ನಿಂತುಬಿಡುತ್ತಿದ್ದರೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿ. ತಪ್ಪು ಕಂಡರೆ ರ‍್ಯಾಮ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ, ದೋಷವಿರುವುದನ್ನು ವಾರಂಟಿಯಲ್ಲಿ ಬದಲಿಸಲು ಕೇಳಿ.

ಕೆಲವು ಸಹೋದ್ಯೋಗಿಗಳು ಕೇಳಬಹುದು, "ಸರಕಾರಿ ಯಂತ್ರ ಬಿಚ್ಚಲು ನಮಗೇನು ಅಧಿಕಾರ ಮಾಷ್ಟ್ರೇ?" ಸರಿಯಾದ ಪ್ರಶ್ನೆ. ವಾರಂಟಿಯಲ್ಲಿರುವ ಯಂತ್ರ ಬಿಚ್ಚಬಾರದು. ಆದರೆ ದೂರು ಬರೆಯುವಾಗ "ಕೆಟ್ಟಿದೆ" ಎಂದಷ್ಟೇ ಬರೆಯದೆ, ಎಷ್ಟು ಬೀಪ್ ಬಂತು, ಪರದೆಯಲ್ಲಿ ಏನು ಕಂಡಿತು, ಎಂದಿನಿಂದ ಎಂದು ಬರೆಯಬಹುದಲ್ಲ? ವಾರಂಟಿ ಮುಗಿದದ್ದು, ಹಳೆ ವಿದ್ಯಾರ್ಥಿಗಳು ಕೊಟ್ಟದ್ದು ಇದ್ದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಬಿಚ್ಚಿ ನೋಡಲು ಅಡ್ಡಿಯೇನು? ಒಂದು ಎಚ್ಚರಿಕೆ: ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಅಪಾಯ ಉಳಿದಿರುತ್ತದೆ.

"ಇದನ್ನೆಲ್ಲ ಕನ್ನಡದಲ್ಲಿ ಹೇಳಲು ಆಗುತ್ತದಾ?" ಎನ್ನುವವರೂ ಇದ್ದಾರೆ. ಈಗ ಹೇಳಿದ್ದು ಯಾವ ಭಾಷೆಯಲ್ಲಿ ಸ್ವಾಮಿ? ರ‍್ಯಾಮ್, ಸ್ಲಾಟ್ ಎಂಬ ಪದಗಳು ಹಾಗೆಯೇ ಇರಲಿ, ವಾಕ್ಯ ನಮ್ಮದು. ಕೇರಳದಲ್ಲಿ 2001ರಲ್ಲಿ ಐಟಿ@ಸ್ಕೂಲ್ ಆರಂಭವಾಯಿತು, 2017ರಲ್ಲಿ ಅದು ಕೈಟ್ ಆಯಿತು. ಶಾಲೆಗಳಿಗೆ ಸ್ವತಂತ್ರ ತಂತ್ರಾಂಶ ತಂದ ರಾಜ್ಯವಿದು. ತಂತ್ರಾಂಶ ಎಲ್ಲರಿಗೂ ತೆರೆದಿರಬೇಕು ಎಂದು ಪಾಠ ಮಾಡುವ ನಾವು ಪೆಟ್ಟಿಗೆಯ ಮುಚ್ಚಳ ಮುಟ್ಟಲು ಹೆದರುವುದು ಚೆಂದವೇ?

ನಷ್ಟ ಯಾರಿಗೆ ಎಂದು ಯೋಚಿಸಿ. ಮೂರು ಮಕ್ಕಳು ಒಂದು ಯಂತ್ರಕ್ಕೆ ಕೂರುವಲ್ಲಿ ಆರು ಮಕ್ಕಳು ಕೂರಬೇಕಾಗುತ್ತದೆ. ದಾಖಲಾತಿಗೆ ಬಂದ ಹೆತ್ತವರು ಬಟ್ಟೆ ಹೊದ್ದ ಕಂಪ್ಯೂಟರ್ ನೋಡಿ ಪಕ್ಕದ ಇಂಗ್ಲಿಷ್ ಮಾಧ್ಯಮಕ್ಕೆ ನಡೆಯುತ್ತಾರೆ. ಕನ್ನಡ ಉಳಿಸಿ ಎಂದು ವೇದಿಕೆಯಲ್ಲಿ ಕೂಗಿದರೆ ಅವರು ಹಿಂದೆ ಬರುತ್ತಾರಾ?

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಮೇಲಿನ ಕ್ರಮವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಲ್ಯಾಬಿನ ಗೋಡೆಗೆ ಅಂಟಿಸಿ. ಪಕ್ಕದಲ್ಲಿ ಒಂದು ಪುಸ್ತಕವಿಡಿ; ಯಾವ ಯಂತ್ರ, ಯಾವ ದಿನ, ಏನು ಬದಲಿಸಿದೆವು, ಏನಾಯಿತು ಎಂದು ಮಕ್ಕಳೇ ಬರೆಯಲಿ. ಮುಂದಿನ ಸಲ ಯಾರಾದರೂ "ಮದರ್‌ಬೋರ್ಡ್ ಹೋಗಿದೆ" ಎಂದರೆ, ಹಣ ತೆರುವ ಮೊದಲು ಆ ಪುಸ್ತಕ ತೆರೆದು "ಹೇಗೆ ಗೊತ್ತಾಯಿತು?" ಎಂದು ಕೇಳಿ.