ಗರ್ಭಿಣಿಯ ತೂಕದ ಬಗ್ಗೆ ಹೃದಯದ ಡಾಕ್ಟರು ಯಾಕೆ ಮಾತಾಡಬೇಕು?



ಬಸುರಿ ಬಾಣಂತಿಯರ ವಿಷಯ ಹೆರಿಗೆ ಡಾಕ್ಟರದ್ದು, ನಿಮಗೇನು ಕೆಲಸ ಎಂದು ಕೇಳುತ್ತೀರಿ. ಕೆಲಸ ಇದೆ. ಬಸಿರಿನಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಹೃದಯ ತಿಂಗಳುಗಟ್ಟಲೆ ಡಬಲ್ ಡ್ಯೂಟಿ ಮಾಡುತ್ತದೆ. ಮೊದಲೇ ಬೊಜ್ಜಿದ್ದರೆ ಹೊರೆ ಇನ್ನೂ ಜಾಸ್ತಿ. ನಲವತ್ತು ದಾಟಿ ಬಿ.ಪಿ., ಸಕ್ಕರೆ ಎಂದು ಬರುವ ಹೆಂಗಸರನ್ನು ಕೆದಕಿ ಕೇಳಿದರೆ, "ಹೌದು ಡಾಕ್ಟ್ರೇ, ಮಗು ಹೊಟ್ಟೆಯಲ್ಲಿದ್ದಾಗಲೂ ಸ್ವಲ್ಪ ಇತ್ತು" ಎನ್ನುವವರು ಬಹಳ.

ಬೊಜ್ಜು ಎಂದರೆ ಎಷ್ಟು? ಭಾರತೀಯರಿಗೆ ಬಿಎಂಐ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ಐದಡಿ ಎತ್ತರದವರಿಗೆ ಅದು ಸುಮಾರು 53 ಮತ್ತು 58 ಕಿಲೋ. "ಅಷ್ಟೇನಾ?" ಎಂದು ನಗಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 100 ಮಹಿಳೆಯರಲ್ಲಿ 24 ಮಂದಿಯ ಬಿಎಂಐ 25ರ ಮೇಲಿತ್ತು, ನಗರಗಳಲ್ಲಿ 33 ಮಂದಿಯದು. ಅದೇ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಗರ್ಭಿಣಿಯರಿಗೆ ರಕ್ತಹೀನತೆ. ಮೈ ತುಂಬಿದೆ, ಮೈಯಲ್ಲಿ ರಕ್ತ ಇಲ್ಲ!

ತೂಕ ಹೆಚ್ಚಿದ್ದರೆ ಬಸಿರಿನಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ಕಾಲಿನ ರಕ್ತನಾಳದಲ್ಲಿ ಹೆಪ್ಪು, ಸಿಸೇರಿಯನ್, ಗಾಯ ಮಾಗದಿರುವುದು ಎಲ್ಲದರ ಸಂಭವವೂ ಹೆಚ್ಚು. ಮಗು ತೀರಾ ದೊಡ್ಡದಾದರೆ ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳಬಹುದು. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮಗುವಿನ ರಕ್ತದ ಸಕ್ಕರೆ ಕುಸಿಯಬಹುದು. ಅದಕ್ಕೇ ಒಂದು ಗಂಟೆಯೊಳಗೆ ತಾಯಿಹಾಲು ಕೊಡಿ, ಜೇನು ನೆಕ್ಕಿಸಬೇಡಿ. ನನ್ನ ಕಸುಬಿನ ಮಾತೊಂದು: ಏದುಸಿರು ಬಂದರೆ "ದಪ್ಪ ಇದ್ದಾಳೆ, ಅದಕ್ಕೇ" ಎಂದು ಸುಮ್ಮನಾಗಬೇಡಿ. ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂರಬೇಕು ಅನಿಸುತ್ತದೆ ಎಂದರೆ ಅದೇ ದಿನ ತೋರಿಸಿ. ಹೃದಯದ ಕವಾಟದ ಹಳೆಯ ತೊಂದರೆ ಬಸಿರಿನಲ್ಲೇ ಮೊದಲ ಸಲ ಬಯಲಾಗುವುದುಂಟು.

ಮಗುವಿನ ಮುಂದಿನ ಬದುಕಿನ ಮಾತಿಗೆ ನಮ್ಮ ಮೈಸೂರೇ ಸಾಕ್ಷಿ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಪ್ರತಿ ಮಗುವಿನ ತೂಕ ಬರೆದಿಟ್ಟಿತ್ತು. 1990ರ ದಶಕದಲ್ಲಿ ಸಂಶೋಧಕರು ಆ ಮಕ್ಕಳನ್ನು, ಅಷ್ಟರಲ್ಲಿ ಅಜ್ಜ ಅಜ್ಜಿಯರಾಗಿದ್ದವರನ್ನು, ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು. ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ಮುಂದೆ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಕೊಬ್ಬು ಹೆಚ್ಚಿತ್ತು. ಆ ಹುಡುಗಿಯರೂ ನಾಳೆ ತಾಯಂದಿರೇ.

ಹಾಗೆಂದು ಸೊಸೆಯ ತಟ್ಟೆ ಎಣಿಸಲು ಹೋಗಬೇಡಿ ಅತ್ತೆಯವರೇ. ಬೆಳಿಗ್ಗೆ ಲೋಕಲ್ ಹಿಡಿದು, ರಾತ್ರಿ ಎಂಟಕ್ಕೆ ಬಂದು ಎಲ್ಲರಿಗೂ ಬಡಿಸಿ, ಹತ್ತೂವರೆಗೆ ಉಳಿದದ್ದನ್ನು ತಿಂದು ಮಲಗುವವಳಿಗೆ "ದಪ್ಪ ಆಗಿದ್ದೀಯ" ಎಂದರೆ ಏನು ಉಪಯೋಗ? ಅವಳಿಗೆ ಎಂಟೂವರೆಗೆ ಊಟ ಸಿಗಲಿ. ಬಡಿಸುವ ಕೆಲಸ ಮಗನಿಗೂ ಬರುತ್ತದೆ. "ಇಬ್ಬರ ಊಟ ಮಾಡು" ಎಂಬ ಒತ್ತಾಯವೂ ಬೇಡ. 2009ರ ಅಮೆರಿಕದ ಮಾರ್ಗಸೂಚಿಯಂತೆ ಬಸಿರಿನಲ್ಲಿ ಸಾಮಾನ್ಯ ತೂಕದವಳು 11.5ರಿಂದ 16 ಕಿಲೋ ಏರಬಹುದು, ಬಿಎಂಐ 30ರ ಮೇಲಿದ್ದವಳಿಗೆ 5ರಿಂದ 9 ಕಿಲೋ ಸಾಕು. ಆದರೆ ಬಸಿರಿನಲ್ಲಿ ಉಪವಾಸ, ಡಯಟ್ ಎಂದು ತೂಕ ಇಳಿಸಲು ಹೊರಡಬಾರದು. ಇಳಿಸುವುದಿದ್ದರೆ ಮಗುವಿನ ಯೋಚನೆ ಬಂದ ವರ್ಷವೇ ಶುರು ಮಾಡಬೇಕು, ಅದೂ ಗಂಡ ಹೆಂಡತಿ ಇಬ್ಬರೂ.

ನಮ್ಮಂಥ ವಲಸೆ ಬಂದವರಿಗೆ ಇನ್ನೊಂದು ತೊಡಕಿದೆ. ಏಳನೇ ತಿಂಗಳಲ್ಲಿ ಸೀಮಂತ, ಕುಬಸ ಮುಗಿಸಿ ಥಾಣೆಯಲ್ಲಿ ಮತ್ಸ್ಯಗಂಧ ಹತ್ತಿ ಉಡುಪಿಗೋ, ಕಲ್ಯಾಣದಲ್ಲಿ ರೈಲು ಹಿಡಿದು ಕಲಬುರಗಿಗೋ ಮಗಳು ತವರಿಗೆ ಹೊರಡುತ್ತಾಳೆ. ಸೀರೆ, ಬಳೆ, ಸಿಹಿ ಎಲ್ಲ ಬ್ಯಾಗಿನಲ್ಲಿರುತ್ತದೆ. ಫೈಲು ಮಾತ್ರ ಇಲ್ಲಿನ ಕಪಾಟಿನಲ್ಲಿ. ಊರಿನ ಡಾಕ್ಟರಿಗೆ ಮೊದಲಿನ ಬಿ.ಪಿ. ಎಷ್ಟಿತ್ತು, ತೂಕ ಎಷ್ಟು ಏರಿದೆ ಗೊತ್ತಾಗುವುದು ಹೇಗೆ? ಪ್ರತಿ ಪುಟದ ಫೋಟೋ ತೆಗೆದು ತಾಯಿಯ ಮೊಬೈಲಿಗೂ ಕಳಿಸಿ. ಹೊರಡುವ ಮುಂಚೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ಮಾಡುವ ಸಕ್ಕರೆ ಪರೀಕ್ಷೆ ಆಗಿರಲಿ. 140 ಮುಟ್ಟಿದರೆ ಚಿಕಿತ್ಸೆ ಬೇಕು. ಖಾಸಗಿ ಆಸ್ಪತ್ರೆಯ ಖರ್ಚು ಭಾರವೆನಿಸಿದರೆ, ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ, ಅಲ್ಲೂ ಇಲ್ಲೂ.

ಬಾಣಂತನದಲ್ಲಿ ತುಪ್ಪ, ಅಂಟಿನುಂಡೆ ಬೇಡವೆನ್ನಲು ನನಗೆ ಧೈರ್ಯವಿಲ್ಲ. ದಿನಕ್ಕೆ ಒಂದು ಉಂಡೆ ಕೊಡಿ, ಜೊತೆಗೆ ಸೊಪ್ಪು, ಬೇಳೆ ಇರಲಿ, ಡಾಕ್ಟರು ಒಪ್ಪಿದ ಮೇಲೆ ಮನೆಯೊಳಗೇ ಓಡಾಡಲಿ. ಬಸಿರಿನಲ್ಲಿ ಸಕ್ಕರೆ ಏರಿದ್ದವಳಿಗೆ ಹೆರಿಗೆಯಾಗಿ ಆರು ವಾರಕ್ಕೆ ಅದೇ ಗ್ಲೂಕೋಸ್ ಪರೀಕ್ಷೆ ಮತ್ತೆ ಆಗಬೇಕು. ಆಗ ಅವಳು ತವರಿನಲ್ಲೇ ಇರುತ್ತಾಳೆ, ಅಲ್ಲೇ ಮಾಡಿಸಿ. ಬಿ.ಪಿ. ಏರಿದ್ದವಳಿಗೆ ಮುಂದೆ ಹೃದಯದ ಕಾಯಿಲೆಯ ಸಂಭವ ಸುಮಾರು ಎರಡು ಪಟ್ಟು. ಮಗುವಿನ ಹುಟ್ಟುಹಬ್ಬ ಬಂದಾಗಲೆಲ್ಲ, ಕೇಕು ತರುವ ದಿನವೇ ಅಮ್ಮನ ಬಿ.ಪಿ., ಸಕ್ಕರೆಯನ್ನೂ ನೋಡಿಸಿ.