‘ಅಂತೆ’ಯಿಲ್ಲದ ಬಂಧುಗಳು

ರಕ್ತಸಂಬಂಧವಿಲ್ಲದೆಯೂ ತಮ್ಮ ಬಾಳಿಗೆ ಬಂಧುಗಳಾಗಿ ಒದಗಿದವರನ್ನು ಕುರಿತು ಬರೆಯಬೇಕೆಂಬ ನಮ್ಮ ಬಿನ್ನಹಕ್ಕೆ ಓಗೊಟ್ಟು ಸದಸ್ಯರು ಈ ಸಂಚಿಕೆಗೆ ಕಳುಹಿಸಿದ ಬರಹಗಳ ಕರಡಚ್ಚನ್ನು ತಿದ್ದುತ್ತಿರುವಾಗ, ಭಾವದಲ್ಲಿ ಒಂದರಿಂದೊಂದು ಎಷ್ಟೇ ಭಿನ್ನವಾಗಿದ್ದರೂ ಅವೆಲ್ಲವೂ ಒಂದೇ ಎಡೆಯಲ್ಲಿ ಅಳುಕುವುದು ನಮಗೆ ಕಂಡುಬಂದಿತು: ‘ಅಣ್ಣನಂತೆ’, ‘ಹೆತ್ತ ತಾಯಿಯ ಹಾಗೆ’, ‘ಮನೆಯವರಿದ್ದಂತೆಯೇ’.

ಮುಂಬಯಿಯ ಕನ್ನಡಿಗರಿಗೆ ಇಂಥ ಬಂಧುತ್ವ ಅಪೂರ್ವವೇನಲ್ಲ. ಹಗಲೆಲ್ಲ ಉಡುಪಿ ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮೇಜುಗಳನ್ನು ಜೋಡಿಸಿ ಒಂದೇ ಚಾದರದಡಿಯಲ್ಲಿ ಮಲಗೆದ್ದ ಹುಡುಗರು, ಮುಂದೆ ಒಬ್ಬನ ಮಗಳ ಮದುವೆಗೆ ಇನ್ನೊಬ್ಬನು ಸಾಲ ತರುವಷ್ಟು ಹತ್ತಿರದವರಾದುದುಂಟು. ಕೂಗಿ ಕರೆಯುವಾಗ ನಮಗೆ ಶಬ್ದದಾರಿದ್ರ್ಯವಿಲ್ಲ, ತರಕಾರಿಯವನೂ ಅಣ್ಣನೇ. ಆದರೆ ಆಸ್ಪತ್ರೆಯ ಕಿಟಕಿಯಾಚೆಯಿಂದ ‘ರೋಗಿ ನಿಮಗೆ ಏನಾಗಬೇಕು?’ ಎಂಬ ಪ್ರಶ್ನೆ ಬಂದೊಡನೆ ನಾಲಗೆ ತಡವರಿಸುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ದೂರದ ದಾಯಾದಿಗೂ ಒಂದು ಸ್ಥಾನವುಂಟು. ಬಾಳಿನುದ್ದಕ್ಕೂ ಜೊತೆಗಿದ್ದ ಗೆಳೆಯನಿಗೆ, ಉಯಿಲು ಬರೆದಿಡದಿದ್ದಲ್ಲಿ, ಯಾವ ಸ್ಥಾನವೂ ಇಲ್ಲ. (ಉಯಿಲು ಬರೆದಿಡಿರಿ ಎಂದು ಬೋಧಿಸುವುದು ಸಂಪಾದಕೀಯದ ಘನತೆಗೆ ತಕ್ಕುದಲ್ಲವಾದರೂ ಹೇಳಿಬಿಡುತ್ತೇವೆ.)

ಕಾಯಿದೆಯ ಈ ಸಂಕೋಚ ನಮ್ಮ ನುಡಿಗೇಕೆ ಅಂಟಬೇಕು? 12ನೆಯ ಶತಮಾನದಲ್ಲಿ, ಬ್ರಾಹ್ಮಣಕುಲದಲ್ಲಿ ಜನಿಸಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಮಾದಾರ ಚೆನ್ನಯ್ಯನನ್ನು ತಮ್ಮ ಅಪ್ಪನೆಂದೂ ಕಿನ್ನರಿ ಬೊಮ್ಮಯ್ಯನನ್ನು ಅಣ್ಣನೆಂದೂ ವಚನದಲ್ಲಿ ಸಾರಿದಾಗ, ಉಪಮೆಯ ಮರೆಯನ್ನು ಆಶ್ರಯಿಸಲಿಲ್ಲ. ‘ಅಪ್ಪನಂತೆ’ ಎಂದಿದ್ದರೆ ಅದು ಬರಿಯ ಸೌಜನ್ಯವೆನಿಸಿ, ಕುಲವನ್ನೆಣಿಸುವ ಯಾರಿಗೂ ಇರುಸುಮುರುಸಾಗುತ್ತಿರಲಿಲ್ಲ. ಉಡುತಡಿಯ ಮಹಾದೇವಿಗಂತೂ ‘ಅಕ್ಕ’ ಎಂಬುದು ಹೆಸರಿನ ಅಂಗವೇ ಆಗಿಹೋಯಿತು; ಆಕೆಯ ಒಡಹುಟ್ಟಿದವರಾರೆಂದು ಇಂದಿಗೂ ಯಾರೂ ಕೇಳುವುದಿಲ್ಲ.

‘ಆತ್ಮಬಂಧು’, ‘ಸ್ವಯಂವೃತ ಕುಟುಂಬ’ ಮೊದಲಾದ ಪದಗಳನ್ನು ಬಳಕೆಗೆ ತರಬಾರದೇಕೆಂದು ಸಂಪಾದಕ ಮಂಡಳಿಯಲ್ಲಿ ಸೂಚನೆ ಬಂದಿತು. ಸನ್ಮಾನಪತ್ರಕ್ಕೆ ಅವು ಶೋಭಿಸಿಯಾವು. ಜ್ವರದಲ್ಲಿ ಮಲಗಿದವನು ಗಂಜಿ ಕಾಸಿ ತಂದವಳನ್ನು ‘ಆತ್ಮಬಂಧುವೇ’ ಎಂದು ಕರೆಯಲಾರನು. ಆದುದರಿಂದ ಹೊಸತೇನನ್ನೂ ಕೂಡಿಸದೆ, ಲೇಖಕರ ಅನುಮತಿ ಪಡೆದು, ‘ಅಂತೆ’, ‘ಹಾಗೆ’ಗಳನ್ನು ಹೊಡೆದುಹಾಕಿ, ಉಳಿದುದನ್ನು ಇದ್ದಂತೆಯೇ ಅಚ್ಚಿಗೆ ಕಳುಹಿಸಿದ್ದೇವೆ. ಹಿರಿಯರೊಬ್ಬರು ಮಾತ್ರ ಸುತರಾಂ ಒಪ್ಪಲಿಲ್ಲ: ಅವರ ಸ್ವಂತ ಅಣ್ಣನವರು ಊರಿನಲ್ಲಿ ಸುಖವಾಗಿದ್ದಾರೆ, ಮತ್ತು ನಮ್ಮ ಸಂಚಿಕೆಯನ್ನು ಮೊದಲ ಪುಟದಿಂದ ಜಾಹೀರಾತುಗಳವರೆಗೆ ತಪ್ಪದೆ ಓದುತ್ತಾರೆ.